ಮುಂದಿನ ಎಡಚಕ್ರದ ಮೂರು ಗೆರೆ

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಬಣ್ಣದ ಡಬ್ಬಿ ಎಷ್ಟು ದೊಡ್ಡದಿತ್ತು, ಅವತ್ತು ಗುರುವಾರವೋ ಶುಕ್ರವಾರವೋ, ನನ್ನ ಲಂಗ ಹಸಿರೋ ನೇರಳೆಯೋ ಎಂದು ಯಾರಾದರೂ ಕೇಳಿದರೆ ಆಣೆ ಮಾಡಿ ಹೇಳಲಾರೆ. ಆದರೆ ಟೈರಿನ ವಿಷಯ ನನಗೆ ಚೆನ್ನಾಗಿ ಗೊತ್ತು. ಒಂದು ಟೈರನ್ನು ಬೆಳಗಿನಿಂದ ಮಧ್ಯಾಹ್ನದವರೆಗೆ ಬಿಡದೆ ಉಜ್ಜಿದವಳಿಗೆ ಆ ಟೈರಿನ ಬಗ್ಗೆ ಮಾತಾಡುವ ಅಧಿಕಾರ ಇದ್ದೇ ಇರುತ್ತದೆ.

ಇದೆಲ್ಲ ಈಗ ನೆನಪಾದದ್ದಕ್ಕೂ ಅದೇ ಟೈರೇ ಕಾರಣ. ನಾನು ಪಾಠ ಮಾಡುವ ಕಾಲೇಜಿನ ರಜೆಗೆಂದು ದಾವಣಗೆರೆಗೆ ಬಂದವಳು ಮೊನ್ನೆ ಕೆ.ಬಿ. ಬಡಾವಣೆಯ ನಮ್ಮ ಮನೆಯ ಹಿತ್ತಲಿನಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಗಾಡಿ ನಿಲ್ಲಿಸುವ ತಗಡಿನ ಶೆಡ್ಡಿನ ಗೋಡೆಗೆ ಒಂದು ಸವೆದ ಟೈರು ಒರಗಿತ್ತು. ಅದರ ಪಕ್ಕೆಯ ಮೇಲೆ ಎರಡು ಬಿಳಿ ಗೆರೆಗಳು, ನಡುವೆ ಇದೆಯೋ ಇಲ್ಲವೋ ಎನ್ನುವಂಥ ಒಂದು ಕೆಂಪು ಕಲೆ. ನಾನು ಹಿಂಡುತ್ತಿದ್ದ ಸೀರೆಯನ್ನು ಹಾಗೆಯೇ ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ನಾನು ಹನ್ನೊಂದು ವರ್ಷದವಳಿದ್ದಾಗ ಮಾಡಿದ ಕೆಲಸ, ಮಳೆ ಬಿಸಿಲಿಗೆ ಅಲ್ಲಾಡದೆ ನನ್ನನ್ನೇ ನೋಡುತ್ತಿತ್ತು. ನಾನು ಬರೆದದ್ದರಲ್ಲಿ ಇಷ್ಟು ದಿನ ಉಳಿದದ್ದು ಇನ್ನೊಂದಿಲ್ಲ. ಎಂ.ಎ. ಪ್ರಬಂಧವನ್ನು ಹುಳು ತಿಂದು ಎರಡು ವರ್ಷವಾಯಿತು.

ಗಾಡಿ ಅಂದೆ. ಅದು ಕಾರು. ಆದರೆ ನಮ್ಮ ಮನೆಯಲ್ಲಿ ಅದನ್ನು ಯಾರೂ ಕಾರು ಎಂದವರಲ್ಲ. ದೊಡ್ಡಪ್ಪ, ಅಂದರೆ ನಮ್ಮಪ್ಪನ ಅಣ್ಣ ಬಸಪ್ಪನವರು, ಹತ್ತಿ ವ್ಯಾಪಾರ ಮಾಡುತ್ತಿದ್ದರು. ಯಾರೋ ಇಂಗ್ಲಿಷ್ ದೊರೆ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಗಾಡಿಯನ್ನು ಅವರು ಹಿಡಿದು ತಂದರಂತೆ. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯದು. ಬಾಗಿಲ ಕೆಳಗೆ ಕಾಲಿಟ್ಟು ಹತ್ತಲು ಉದ್ದನೆಯ ಹಲಗೆ, ಕಪ್ಪೆಗಣ್ಣಿನಂಥ ಎರಡು ದೀಪ, ಅಮುಕಿದರೆ ಬಾತುಕೋಳಿಯಂತೆ ಕೂಗುವ ರಬ್ಬರಿನ ಹಾರ್ನು. ಸೀಟಿನ ಸಂದಿಗೆ ಕೈ ಹಾಕಿದರೆ ಯಾವ ಕಾಲದ್ದೋ ಮಂಡಕ್ಕಿ ಸಿಗುತ್ತಿತ್ತು, ಕೆಲವೊಮ್ಮೆ ಮೆಣಸಿನಕಾಯಿಯ ತೊಟ್ಟು ಕೂಡ. ಒಳಗೆ ಹತ್ತಿಯ ಕಾಳು, ಪೆಟ್ರೋಲು, ದೊಡ್ಡಪ್ಪನ ನಶ್ಯ ಮೂರೂ ಸೇರಿದ ಒಂದು ವಾಸನೆ. ಧಾರವಾಡದಲ್ಲಿ ಓದುವಾಗ ಒಮ್ಮೆ ಬಸ್ಸಿನಲ್ಲಿ ಪಕ್ಕದವರು ನಶ್ಯ ಏರಿಸಿದಾಗ ನಾನು ಊರು ನೆನಪಾಗಿ ಕಿಟಕಿಯ ಕಡೆ ಮುಖ ತಿರುಗಿಸಿದೆ. ಅವರು ನನಗೆ ನಶ್ಯದ ಘಾಟು ತಾಕಿತೆಂದು ಕ್ಷಮೆ ಕೇಳಿದರು.

ಈ ಗಾಡಿಗೆ ಒಂದು ಕೊರತೆ ಇತ್ತು. ಕೈಬ್ರೇಕು ಹಿಡಿಯುತ್ತಿರಲಿಲ್ಲ. ಎಷ್ಟು ರಿಪೇರಿ ಮಾಡಿಸಿದರೂ ಒಂದು ವಾರ ಮರ್ಯಾದೆಯಿಂದಿದ್ದು ಮತ್ತೆ ಕೈ ಬಿಡುತ್ತಿತ್ತು. ಅದಕ್ಕೆ ದೊಡ್ಡಪ್ಪ ಒಂದು ಉಪಾಯ ಮಾಡಿದ್ದರು. ಒಡೆದ ಬೀಸುಕಲ್ಲಿನ ಒಂದು ಹೋಳು, ಒಂದು ಕಡೆ ದಪ್ಪ, ಇನ್ನೊಂದು ಕಡೆ ಚೂಪು, ಗೋಣಿತಟ್ಟಿನಲ್ಲಿ ಸುತ್ತಿ ಗಾಡಿಯೊಳಗೆ ಇಟ್ಟಿರುತ್ತಿದ್ದರು. ಗಾಡಿ ಎಲ್ಲಿ ನಿಂತರೂ ಆ ಕಲ್ಲನ್ನು ಗಾಲಿಗೆ ಒತ್ತುಕೊಡಬೇಕು. ಆ ಕೆಲಸ ನನ್ನದು. ಗಾಡಿ ನಿಂತೊಡನೆ ದೊಡ್ಡಪ್ಪ ‘ಕಲ್ಲು!’ ಅನ್ನುವರು, ನಾನು ಹಾರಿ ಇಳಿದು ಇಡುವೆ. ಹೊರಡುವಾಗ ‘ಕಲ್ಲು ತಗೀ!’ ಅನ್ನುವರು, ನಾನು ತೆಗೆದು ಮಡಿಲಲ್ಲಿಟ್ಟುಕೊಂಡು ಕೂರುವೆ. ಅಣ್ಣಂದಿರು ಮೂವರಿದ್ದರೂ ಈ ಅಧಿಕಾರ ನನಗೇ ಸಿಕ್ಕಿತ್ತು, ಯಾಕೆಂದರೆ ಅವರಿಗೆ ನಾಚಿಕೆ. ನನಗೆ ಆಗ ನಾಚಿಕೆ ಇನ್ನೂ ಬಂದಿರಲಿಲ್ಲ. ಕಲ್ಲಿಲ್ಲದೆ ಗಾಡಿಯಿಲ್ಲ, ನಾನಿಲ್ಲದೆ ಕಲ್ಲಿಲ್ಲ ಎಂದು ಎದೆಯುಬ್ಬಿಸಿ ನಡೆಯುತ್ತಿದ್ದೆ. ಈ ಕಲ್ಲನ್ನು ಸ್ವಲ್ಪ ನೆನಪಿನಲ್ಲಿಡಿ.

ಗೆರೆಗಳ ವಿಷಯ ಹೀಗೆ. ಆಯುಧಪೂಜೆಯ ದಿನ ದೊಡ್ಡಪ್ಪ ಗಾಡಿಯನ್ನು ತೊಳೆಸಿ, ತಾವೂ ಸ್ನಾನ ಮಾಡಿ, ಮೂರು ಬೆರಳಿಗೆ ವಿಭೂತಿ ಬಳಿದುಕೊಂಡು ನಾಲ್ಕು ಗಾಲಿಗೂ ಹಚ್ಚುತ್ತಿದ್ದರು. ನಡುವೆ ಕುಂಕುಮದ ಬೊಟ್ಟು. ಗಾಡಿ ಬೀದಿ ತಿರುಗುವಷ್ಟರಲ್ಲಿ ಅಷ್ಟೂ ಉದುರಿಹೋಗುವುದು. ಪ್ರತಿವರ್ಷ ಅವರು ‘ರಬ್ಬರಿಗೆ ಭಕ್ತಿ ಇಲ್ಲ’ ಎಂದು ಬೇಸರಪಡುವರು. ಆ ವರ್ಷ ನಾನು ಅವರ ಬೇಸರವನ್ನು ಶಾಶ್ವತವಾಗಿ ಕಳೆಯಲು ತೀರ್ಮಾನಿಸಿದೆ. ಕಬ್ಬಿಣದ ಮಂಚಕ್ಕೆ ಬಳಿದು ಉಳಿದ ಬಿಳಿ ಬಣ್ಣ ಅಟ್ಟದ ಮೇಲಿತ್ತು. ಬೊಟ್ಟಿಗೆ ಕಿಟಕಿಯ ಸರಳಿನದು ಸ್ವಲ್ಪ ಕೆಂಪು. ಹಬ್ಬದ ಹಿಂದಿನ ದಿನ ಎಲ್ಲರೂ ಹೋಳಿಗೆಯ ಗಲಾಟೆಯಲ್ಲಿದ್ದಾಗ ಶೆಡ್ಡಿಗೆ ನುಗ್ಗಿದೆ. ಮುಂದಿನ ಎಡಚಕ್ರದಿಂದ ಶುರುಮಾಡಿದೆ. ಉತ್ಸಾಹವೆಲ್ಲ ಅದಕ್ಕೇ ಸುರಿದೆ. ಅದರ ಮೇಲಿನ, ಕೆಳಗಿನ ಗೆರೆಗಳು ದೋಸೆಯಷ್ಟು ದಪ್ಪ ಬಂದವು. ನಡುವಿನ ಗೆರೆಗೆ ಬರುವಾಗ ಡಬ್ಬಿ ಬರಿದಾಗುವ ಹೆದರಿಕೆ ಹುಟ್ಟಿ ಸೀಮೆಎಣ್ಣೆ ಬೆರೆಸಿದೆ. ಉಳಿದ ಮೂರು ಚಕ್ರಕ್ಕೆ ದೊರೆತದ್ದು ಆ ಮಜ್ಜಿಗೆ ನೀರು.

ಬೆಳಿಗ್ಗೆ ದೊಡ್ಡಪ್ಪ ನೋಡಿದರು. ಬಹಳ ಹೊತ್ತು ನೋಡಿದರು. ನಾನು ಕೆನ್ನೆಯನ್ನು ಸಿದ್ಧಮಾಡಿಕೊಂಡು ನಿಂತಿದ್ದೆ.

‘ಯಾರವ್ವ ಇದನ್ನ ಬರ್ದೋರು?’

‘ನಾನ್ರಿ ದೊಡ್ಡಪ್ಪ.’

‘ಕೆಳಗಿನ ಗೆರಿ ಸ್ವಲ್ಪ ಸೊಟ್ಟ ಆಗೈತೆ,’ ಎಂದರು. ಆಮೇಲೆ ಟೋಪಿ ತೆಗೆದು ಗಾಲಿಗೆ ಕೈಮುಗಿದರು. ‘ಇರ್ಲಿ. ಇನ್ನ ಇದನ್ನ ಯಾರೂ ಒರಸಂಗಿಲ್ಲ.’

ಹೀಗೆ ನಮ್ಮ ಗಾಡಿ ಒಂದು ತಿಂಗಳು ವಿಭೂತಿಧಾರಿಯಾಗಿ ದಾವಣಗೆರೆಯಲ್ಲಿ ಓಡಾಡಿತು. ಮಾರ್ಕೆಟ್ಟಿನಲ್ಲಿ ಜನ ‘ಗಾಡಿಗೆ ದೀಕ್ಷೆ ಕೊಡಿಸಿದ್ರೇನ್ರಿ ಬಸಪ್ನೋರೆ?’ ಎಂದು ಕೇಳಿದರೆ ದೊಡ್ಡಪ್ಪ ‘ಹ್ಞೂಂ, ನಿಮಗಿಂತ ಮೊದ್ಲು ಅದಕ್ಕಾತು’ ಅನ್ನುವರು. ನನ್ನ ಮೇಲೆ ಅವರ ಪ್ರೀತಿ ಒಂದು ಗೇಣು ಬೆಳೆದಿತ್ತು. ಕಾರ್ತಿಕದಲ್ಲಿ ಶೇಷಾದ್ರಿ ಮೇಷ್ಟ್ರು ಬರುವವರೆಗೆ.

ಶೇಷಾದ್ರಿ ಮೇಷ್ಟ್ರು ಹರಿಹರದವರು, ಅಯ್ಯಂಗಾರರು, ದೊಡ್ಡಪ್ಪನ ಜೊತೆ ಒಂದೇ ಬೆಂಚಿನಲ್ಲಿ ಓದಿದವರು. ಇಬ್ಬರಲ್ಲಿ ಒಬ್ಬರ ಹಣೆಯಲ್ಲಿ ಅಡ್ಡ ವಿಭೂತಿ, ಇನ್ನೊಬ್ಬರ ಹಣೆಯಲ್ಲಿ ಉದ್ದ ನಾಮ. ಜಗಳವಾಡಲು ಬೇರೆ ವಿಷಯ ಸಿಗದ ದಿನ ಅದನ್ನೇ ಹಿಡಿದು ಜಗಳವಾಡಿ ಜೊತೆಗೆ ಕಾಫಿ ಕುಡಿಯುವರು. ಅವರ ಮಗಳು ಪದ್ಮಕ್ಕ. ನನಗೆ ಡೈರಿ ಬರೆಯುವ ಚಟ ಹತ್ತಿಸಿದವಳು ಅವಳೇ. ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತು, ‘ದಿನಾ ಒಂದೇ ಒಂದು ಸಾಲು ಬರಿ ಗಿರಿಜಾ, ಆದರೆ ಸುಳ್ಳು ಬರೀಬೇಡ’ ಎಂದಿದ್ದಳು. ಸುಳ್ಳು ಬರೆಯಬಾರದೆಂಬ ಹೆದರಿಕೆಯಿಂದ ನಾನು ಏನು ತಿಂದೆ ಎಂಬುದನ್ನಷ್ಟೇ ಬರೆಯುತ್ತಿದ್ದೆ.

ಅವಳ ಮದುವೆ ನಿಶ್ಚಯವಾಗಿತ್ತು. ಮದುಮಗನ ಕಡೆಯವರು ಮೈಸೂರು ಸೀಮೆಯಿಂದ ರೈಲಿನಲ್ಲಿ ಬಂದು ಹರಿಹರದಲ್ಲಿ ಇಳಿಯುವುದು, ಸ್ಟೇಷನ್ನಿನಿಂದ ಛತ್ರಕ್ಕೆ ಮದುಮಗನನ್ನು ನಮ್ಮ ಗಾಡಿಯಲ್ಲಿ ಕರೆತರುವುದು ಎಂದು ದೊಡ್ಡಪ್ಪ ಯಾವಾಗಲೋ ಮಾತು ಕೊಟ್ಟಿದ್ದರು. ಅದನ್ನು ಇನ್ನೊಮ್ಮೆ ಕೇಳಿಹೋಗಲು ಎರಡು ದಿನ ಮುಂಚೆ ಮೇಷ್ಟ್ರು ಬಂದರು. ಬಂದವರು ಗಾಡಿಯನ್ನು ನೋಡಿದರು, ಜಗಲಿಯ ಮೇಲೆ ಕೂತರು, ಕಾಫಿ ಮುಟ್ಟಲಿಲ್ಲ.

‘ಯಾಕೋ ಶೇಷ, ಕಾಫಿ ಆರ್ತೈತಲ್ಲೋ.’

‘ಕುಡೀತೀನಿ ಬಿಡು. ಬಸಪ್ಪ, ಒಂದು ಮಾತು. ನಿನಗ್ಯಾಕೆ ಸುಮ್ಮನೆ ತೊಂದರೆ? ನಾನು ಎರಡು ಜಟಕಾ ಹೇಳಿಬಿಡ್ತೀನಿ.’

‘ಜಟಕಾ? ಪದ್ಮನ ಮದ್ವಿಗೆ ಜಟಕಾ? ನನ್ ಗಾಡಿಗೇನ್ ಬಂದೈತೋ ರೋಗ?’

ಮೇಷ್ಟ್ರು ನೆಲ ನೋಡಿದರು. ಬಾಗಿಲಲ್ಲಿ ನಿಂತಿದ್ದ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವನಿಗೆ ತಿಳಿಯಿತು. ನಮ್ಮ ಮನೆಯಲ್ಲಿ ಬೇಗ ತಿಳಿಯುವುದೆಲ್ಲ ಮೊದಲು ಅವರಿಗೇ.

‘ಮೇಷ್ಟ್ರೇ, ಬಾಯಿ ಬಿಟ್ಟು ಹೇಳ್ರಿ. ಗಾಲಿ ನೋಡಿ ಹೆದರಿದ್ರಿ ಹೌದಿಲ್ಲೋ?’

‘ನಾನು ಹೆದರಲ್ಲಮ್ಮ. ಹುಡುಗ ಚಿನ್ನದಂಥವನು. ಅವನ ತಾತನದೇ ಕಷ್ಟ. ನಿಶ್ಚಿತಾರ್ಥದ ದಿನ ಅಡಿಗೆಯವನ ಹಣೆಮೇಲೆ ಅಡ್ಡಗಂಧ ಕಂಡು ಎಲೆ ಮುಂದಿನಿಂದ ಎದ್ದುಬಿಟ್ಟರು. ಬೇರೆಯವನನ್ನು ಕರೆಸಿ ಮತ್ತೆ ಒಲೆ ಹಚ್ಚಿಸಿದೆ. ಇನ್ನೊಂದು ಸಲ ಹೀಗಾದರೆ ಬಂದ ರೈಲಿಗೇ ವಾಪಸ್ಸು ಅಂತ ಹೇಳಿದ್ದಾರೆ.’ ಮೇಷ್ಟ್ರು ಲೋಟ ಎತ್ತಿ ಮತ್ತೆ ಇಟ್ಟರು. ‘ಪದ್ಮಂಗೆ ಇದು ಮೂರನೇ ಸಂಬಂಧ ಕಣೋ ಬಸಪ್ಪ. ಇದೂ ತಪ್ಪಿದರೆ ಅವಳು ನದಿ ಕಡೆ ಹೋಗೋಕ್ಕೂ ನಾನು ಬಿಡೋದಿಲ್ಲ, ಅಷ್ಟು ಭಯ ಆಗಿದೆ ನನಗೆ.’

ನದಿಯ ಮಾತಿನ ಅರ್ಥ ನನಗೆ ಆಗ ಪೂರ್ತಿ ಆಗಿರಲಾರದು. ಆದರೆ ದೊಡ್ಡವ್ವ ಸೆರಗನ್ನು ಬಾಯಿಗೆ ಹಿಡಿದದ್ದು ಕಂಡಿದ್ದೇನೆ.

ದೊಡ್ಡಪ್ಪ ಎದ್ದರು. ‘ಹಚ್ಚಿದ ವಿಭೂತಿ ಒರಸಾಕೆ ನನ್ ಕೈ ಬರಂಗಿಲ್ಲ ಶೇಷ. ಆದ್ರ ಗಾಡಿ ಬರ್ತೈತೆ. ಮಾತು ಕೊಟ್ಟೀನಿ.’ ಇಷ್ಟು ಹೇಳಿ ಒಳಗೆ ಹೋಗಿ ಪೇಪರು ಹಿಡಿದು ಕೂತರು.

‘ಅವರ ಕೈ ಬ್ಯಾಡ ಬಿಡ್ರಿ,’ ಎಂದರು ದೊಡ್ಡವ್ವ. ‘ಬರೆದ ಕೈ ಬ್ಯಾರೇ ಐತೆ.’ ಎಂದು ನನ್ನ ಕಡೆ ತಿರುಗಿದರು.

ಮಾರನೆಯ ದಿನ ನನ್ನನ್ನು ಶಾಲೆಗೆ ಕಳಿಸಲಿಲ್ಲ. ಆ ದಿನದ ಡೈರಿಯ ಪುಟ ಈಗಲೂ ನನ್ನ ಹತ್ತಿರ ಇದೆ. ‘ಇವತ್ತು ಟೈರು ತೊಳೆದೆವು. ಹೋಗಲಿಲ್ಲ.’ ಇಷ್ಟೇ. ನನ್ನ ಬರವಣಿಗೆಯಲ್ಲಿ ಇಷ್ಟು ಪ್ರಾಮಾಣಿಕವಾದ ವಾಕ್ಯ ಆಮೇಲೆ ಬಂದಿಲ್ಲ.

ಮೊದಲು ಒಲೆಯ ಬೂದಿ, ತೆಂಗಿನ ನಾರು. ವಿಭೂತಿಯನ್ನು ಬೂದಿಯಿಂದ ತೊಳೆಯುವುದರಲ್ಲಿ ಏನೋ ತಪ್ಪಿದೆ ಅನ್ನಿಸಿದರೂ ನಾನು ಹೇಳಲಿಲ್ಲ. ಪಾತ್ರೆಯ ಕಿಲುಬು ತೆಗೆಯುವ ಹುಣಸೆಹಣ್ಣು ಬಂತು. ತಲೆಗೆ ಹಚ್ಚುವ ಸೀಗೆಪುಡಿ ಬಂತು. ದೊಡ್ಡವ್ವನ ದೃಷ್ಟಿಯಲ್ಲಿ ಲೋಕದ ಕೊಳೆಯೆಲ್ಲ ಪಾತ್ರೆಯದು ಅಥವಾ ತಲೆಯದು. ಮೂರನೆಯ ಜಾತಿಯ ಕೊಳೆ ಇರಲು ಸಾಧ್ಯವಿಲ್ಲ. ಸೀಗೆಪುಡಿಯಿಂದ ಟೈರು ಘಮಘಮ ಎಂದಿತು, ಗೆರೆ ಇನ್ನೂ ಬೆಳ್ಳಗಾಯಿತು. ಮೈತುಂಬ ಮಿಂದು ಹೊಸದಾಗಿ ವಿಭೂತಿ ಧರಿಸಿದಂತೆ ಕಂಗೊಳಿಸಿತು.

‘ಹೊಳೀತೈತಲ್ಲೇ ಇದು!’ ಎಂದು ದೊಡ್ಡವ್ವ ಸೊಂಟಕ್ಕೆ ಕೈಕೊಟ್ಟು ನಿಂತರು. ‘ಏನ್ ಹಚ್ಚಿದ್ಯೇ ನನ್ನವ್ವ? ಇಷ್ಟು ಗಟ್ಟಿಯಾಗಿ ಒಂದಿನಾನಾದ್ರೂ ಮಗ್ಗಿ ಬಾಯಿಪಾಠ ಮಾಡಿದ್ಯಾ?’

ಆಮೇಲೆ ಸೀಮೆಎಣ್ಣೆ. ಅದು ಕೆಲಸ ಮಾಡಿತು. ಹಿಂದಿನ ಎರಡು, ಮುಂದಿನ ಬಲಗಡೆಯದು ಒಂದು, ಮಜ್ಜಿಗೆ ನೀರಿನ ಚಕ್ರಗಳು ಮೂರೂ ಒಂದೊಂದು ಗಳಿಗೆಯಲ್ಲಿ ಸ್ವಚ್ಛವಾದವು. ಎಡಗಡೆಯದು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಬೀದಿಯ ಕೊನೆಯ ಸೈಕಲ್ ಶಾಪಿನ ಇಮಾಮ್ ಸಾಬಿಯನ್ನು ಕರೆಸಿದರು. ಟ್ಯೂಬು ಉಜ್ಜಲು ಅವನು ಮೊಳೆಯಿಂದ ತೂತು ಹೊಡೆದ ಒಂದು ತಗಡು ಇಟ್ಟುಕೊಂಡಿದ್ದ, ಕೊಬ್ಬರಿ ತುರಿಯುವುದರ ಹಾಗೆ. ಕೂತು ನೋಡಿ, ಉಗುರಿನಿಂದ ಕೆರೆದು, ತಲೆಯಾಡಿಸಿದ.

‘ಅವ್ವಾರೆ, ಜೋರಾಗಿ ಉಜ್ಜಿದ್ರೆ ಗೆರಿ ಜೊತಿಗೆ ಟೈರೂ ಹೋಗ್ತೈತ್ರಿ. ಹಳೇ ಮಾಲು. ಮೆಲ್ಲಗೆ ಉಜ್ರಿ, ಎಷ್ಟು ಬರ್ತೈತೋ ಅಷ್ಟು ಬರ್ಲಿ. ಬಣ್ಣ ಬಲು ಖರೇದು, ಕಂಪ್ನಿಯೋರ ಟೈರೇ ಸುಳ್ಳು.’

ತಗಡನ್ನು ನನ್ನ ಕೈಗೆ ಕೊಟ್ಟು ಹೋದ. ಉಜ್ಜಿದೆ. ಬೆರಳ ತುದಿಗಳು ಸುಲಿದವು. ನಡುನಡುವೆ ಕಿಟಕಿಯ ಕಡೆ ನೋಡಿದರೆ ಅಲ್ಲಿ ಪೇಪರು ಮಾತ್ರ ಕಾಣುತ್ತಿತ್ತು, ದೊಡ್ಡಪ್ಪ ಅದರ ಹಿಂದೆ. ಅವತ್ತಿನ ಪೇಪರಿನ ಒಂದೇ ಪುಟವನ್ನು ಅವರು ಒಂದು ಇಡೀ ಬೆಳಗು ಓದಿದರು. ಅಳಿಸುತ್ತಿರುವುದು ಅವರ ವಿಭೂತಿ, ಅಳಿಸದಿದ್ದರೆ ಅಳಿಸಿಹೋಗುವುದು ಪದ್ಮಕ್ಕನ ಮದುವೆ. ಹನ್ನೊಂದು ವರ್ಷಕ್ಕೆ ನನಗೆ ಇಷ್ಟು ಅರ್ಥವಾಗಿತ್ತೇ ಅಥವಾ ಈಗ ಓದಿಕೊಂಡ ಬುದ್ಧಿಯನ್ನು ಆ ಹುಡುಗಿಯ ತಲೆಗೆ ತುರುಕುತ್ತಿದ್ದೇನೆಯೇ ಎಂದು ಅನುಮಾನ ಬರುತ್ತದೆ. ಕೈ ಉರಿಯುತ್ತಿದ್ದದ್ದು ಮಾತ್ರ ನಿಜ.

ಮಧ್ಯಾಹ್ನದ ಹೊತ್ತಿಗೆ ನಡುವಿನ ಗೆರೆ, ಸೀಮೆಎಣ್ಣೆ ಬೆರೆಸಿದ ತೆಳು ಬಣ್ಣದ್ದು, ಪೂರ್ತಿ ಹೋಯಿತು. ಬೊಟ್ಟಿನ ಕೆಂಪು ಅದರ ಜಾಗದಲ್ಲಿ ಉದ್ದಕ್ಕೂ ಹರಡಿಕೊಂಡು ಕೂತಿತು. ಮೇಲಿನ ಗೆರೆ, ಕೆಳಗಿನ ಗೆರೆ ಕದಲಲಿಲ್ಲ. ಎರಡು ಬಿಳಿ, ನಡುವೆ ಒಂದು ಕೆಂಪು. ದೊಡ್ಡವ್ವ ಒಂದು ಕ್ಷಣ ಕತ್ತನ್ನು ಎಡಕ್ಕೆ ವಾಲಿಸಿ ನೋಡಿದರು. ಆಮೇಲೆ ಒಳಗಿನಿಂದ ಹರಳೆಣ್ಣೆ ದೀಪದ ಕಾಡಿಗೆ ತಂದು, ಮಗುವಿನ ಕಣ್ಣಿಗೆ ತೀಡುವಂತೆ ಗೆರೆಗಳ ಮೇಲೆ ಬಳಿದರು. ಟೈರು ಕರ್ರಗಾಯಿತು.

‘ಆತು. ಇನ್ನ ದೇವರ ಮ್ಯಾಲೆ ಬಿಡೋಣ.’

ಯಾವ ದೇವರು ಎಂದು ನಾನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಾವು ಹರಿಹರಕ್ಕೆ ಹೊರಟೆವು. ದೊಡ್ಡಪ್ಪ ಹೊಸ ಕೋಟು ಹಾಕಿ, ಹಣೆತುಂಬ ವಿಭೂತಿ ಧರಿಸಿದ್ದರು. ಎಂದಿಗಿಂತ ಅಗಲವಾಗಿಯೇ ಇತ್ತು ಎಂದು ನನ್ನ ನೆನಪು. ನಾನು ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದೆ. ದಾರಿಯಲ್ಲಿ ಒಂದು ಕಡೆ ಗದ್ದೆಗೆ ಬಿಟ್ಟ ನೀರು ಒಡೆದು ರಸ್ತೆಯ ಮೇಲೆ ಹರಿಯುತ್ತಿತ್ತು. ದೊಡ್ಡಪ್ಪ ಗಾಡಿ ನಿಧಾನ ಮಾಡದೆ ನುಗ್ಗಿಸಿದರು. ನೀರು ರೆಕ್ಕೆಯಂತೆ ಎರಡೂ ಕಡೆ ಎದ್ದದ್ದು ಕಂಡು ನಾನು ಕಿರುಚಿ ಸಂತೋಷಪಟ್ಟೆ. ಅದರ ಪರಿಣಾಮ ಸ್ಟೇಷನ್ನಿನಲ್ಲಿ ಇಳಿದಾಗ ತಿಳಿಯಿತು. ಕಾಡಿಗೆ ಹೋಗಿತ್ತು. ಚಕ್ರದ ನೆತ್ತಿಯಲ್ಲಿ, ಮಡ್‌ಗಾರ್ಡಿನ ಅಂಚಿನ ಕೆಳಗೆ, ಎರಡು ಬಿಳಿ ಗೆರೆಗಳು ತೊಳೆದ ಹಾಗೆ ಅಡ್ಡಲಾಗಿ ಮಲಗಿದ್ದವು.

ಸ್ಟೇಷನ್ನಿನ ಮುಂದಿನ ಅಂಗಳ ಸ್ವಲ್ಪ ಇಳಿಜಾರು. ‘ಕಲ್ಲು!’ ಎಂದರು ದೊಡ್ಡಪ್ಪ. ಇಲ್ಲಿಂದ ಮುಂದೆ ನನ್ನ ನೆನಪಿನಲ್ಲಿ ಒಂದು ಬಿರುಕಿದೆ. ಕಲ್ಲು ಹಿಡಿದು ಇಳಿದದ್ದು ನೆನಪಿದೆ. ಗೆರೆ ಕಂಡದ್ದು ನೆನಪಿದೆ. ದೊಡ್ಡಪ್ಪನೂ ಇಳಿದು, ಗಾಡಿಯ ಮುಂದಿನಿಂದ ಸುತ್ತಿ ಬಂದು, ಆ ಗಾಲಿಯ ಮುಂದೆ ಒಂದು ನಶ್ಯ ಏರಿಸುವಷ್ಟು ಹೊತ್ತು ನಿಂತು, ಹೋಗಿ ಮತ್ತೆ ಸೀಟಿನಲ್ಲಿ ಕೂತದ್ದು ನೆನಪಿದೆ. ನಾನು ಲಂಗವನ್ನು ಎರಡೂ ಕೈಯಲ್ಲಿ ಅಗಲಿಸಿ ಗಾಲಿಗೆ ಅಡ್ಡ ನಿಂತೆ. ಎರಡೂ ಕೈಯಲ್ಲಿ ಲಂಗವಿದ್ದರೆ ಕಲ್ಲು ಎಲ್ಲಿತ್ತು?

ರೈಲು ಬಂತು. ಜನ, ಟ್ರಂಕು, ಹಾಸಿಗೆ ಸುರುಳಿ, ವಾಲಗದವರು. ಎಲ್ಲರ ಮುಂದೆ ಬೆಳ್ಳಿಕಟ್ಟಿನ ಕೋಲು ಹಿಡಿದ ತಾತ. ಅವರ ಪಕ್ಕದಲ್ಲಿ ಬೆವರುತ್ತ ಶೇಷಾದ್ರಿ ಮೇಷ್ಟ್ರು. ತಾತ ನೇರವಾಗಿ ಗಾಡಿಯ ಎಡಬಾಗಿಲಿಗೇ ಬಂದರು. ‘ಸ್ವಲ್ಪ ಸರಿ ಮಗು’ ಎಂದರು. ನಾನು ಸರಿಯಲಿಲ್ಲ. ಆಗ ನನ್ನ ಬೆನ್ನ ಹಿಂದೆ ಗಾಡಿ ಅಲುಗಿತು. ಒಂದು ಮೊಳ ಮುಂದಕ್ಕೆ ಉರುಳಿ ನಿಂತಿತು. ಹೆದರಿ ಪಕ್ಕಕ್ಕೆ ಹಾರಿದೆ. ಹಾರಿದಾಗ ಕಲ್ಲು ನನ್ನ ಹೊಟ್ಟೆಗೆ ಒತ್ತಿಕೊಂಡಿತ್ತು, ಅದರ ಚೂಪು ತಾಕಿದ ನೋವು ಈಗಲೂ ಗೊತ್ತು.

ತಾತ ಬಗ್ಗಿ ಗಾಲಿಯನ್ನು ನೋಡಿದರು. ನಾನೂ ನೋಡಿದೆ. ನೆತ್ತಿಯಲ್ಲಿ ಮಲಗಿದ್ದ ಗೆರೆಗಳು ಕಾಲು ಸುತ್ತು ತಿರುಗಿ ಗಾಲಿಯ ಮುಂಬದಿಯಲ್ಲಿ ನೆಟ್ಟಗೆ ಎದ್ದು ನಿಂತಿದ್ದವು. ಎರಡು ಬಿಳಿ, ನಡುವೆ ಕೆಂಪು. ಶೇಷಾದ್ರಿ ಮೇಷ್ಟ್ರ ಹಣೆಯಲ್ಲಿ ಇದ್ದದ್ದು, ತಾತನ ಹಣೆಯಲ್ಲಿ ಇದ್ದದ್ದು, ಅದೇ.

‘ಗಾಡಿ ಯಾರದು ಮೇಷ್ಟ್ರೇ?’

‘ನಮ್ಮ... ನಮ್ಮ ಸ್ನೇಹಿತರದು.’

‘ಪರವಾಗಿಲ್ಲ. ಆಚಾರ ಬಲ್ಲವರು.’

ಆಮೇಲೆ ಅವರು ತಲೆ ಎತ್ತಿ ಒಳಗೆ ಸ್ಟೀರಿಂಗು ಹಿಡಿದು ನೆಟ್ಟಗೆ ಕೂತಿದ್ದ ದೊಡ್ಡಪ್ಪನ ಹಣೆ ನೋಡಿದರು. ಗಾಲಿ ನೋಡಿದರು. ಮತ್ತೆ ಹಣೆ ನೋಡಿದರು. ತಾತನ ಮೀಸೆಯಿಲ್ಲದ ಬಾಯಿ ಒಂದು ಪಕ್ಕಕ್ಕೆ ಸ್ವಲ್ಪ ವಾಲಿತು.

‘ಊರು ಹರಿಹರ ಅಲ್ಲವೇ,’ ಎಂದರು. ‘ಹೀಗೇ ಇರಬೇಕಾದ್ದು.’ ಎಂದವರೇ ಮೊಮ್ಮಗನನ್ನು ಹಿಂದೆ ಕೂರಿಸಿ, ತಾವು ಮುಂದೆ ದೊಡ್ಡಪ್ಪನ ಪಕ್ಕದಲ್ಲಿ ಕೂತರು. ಛತ್ರದವರೆಗೆ ‘ಈ ಸೀಮೆಯ ಹತ್ತಿ ಹೇಗೆ ಸ್ವಾಮಿ?’ ಎಂದು ವಿಚಾರಿಸಿದರಂತೆ. ನಾನು ಹಲಗೆಯ ಮೇಲೆ ಜೋತುಬಿದ್ದು ಬಂದೆ.

ತಾತ ಆ ಕೊನೆಯ ಮಾತನ್ನು ನಿಜವಾಗಿ ಆಡಿದರೇ, ಆಮೇಲೆ ಮೇಷ್ಟ್ರು ಕಥೆ ಹೇಳುವಾಗ ಸೇರಿಸಿದ್ದೇ? ಮೇಷ್ಟ್ರನ್ನು ಕೇಳಿದರೆ ‘ಆಡಿದರು, ನೀನೇ ಇದ್ದೆಯಲ್ಲ’ ಅನ್ನುತ್ತಾರೆ. ನಾನು ಇದ್ದೆ, ಹೌದು. ಇದ್ದವರ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಡೈರಿ ತೆಗೆದು ನೋಡಿದರೆ ಆ ದಿನದ ಸಾಲು ಹೀಗಿದೆ: ‘ಪುಳಿಯೋಗರೆ ಎರಡು ಸಲ ಹಾಕಿಸಿಕೊಂಡೆ.’ ಮದುವೆ ನಡೆಯಿತು ಎಂಬುದಕ್ಕೆ ಮಾತ್ರ ಗಟ್ಟಿ ಸಾಕ್ಷಿಯಿದೆ. ಪದ್ಮಕ್ಕನ ಇಬ್ಬರು ಮಕ್ಕಳೂ ನನಗೆ ಕಾಗದ ಬರೆಯುತ್ತಾರೆ.

ಮನೆಗೆ ಬಂದ ಮೇಲೆ ದೊಡ್ಡವ್ವ ಕೇಳಿದರು, ‘ಗಾಡಿ ಹೆಂಗ್ರಿ ಮುಂದಕ್ಕೆ ಹೋತು?’

‘ಇಳಿಜಾರು,’ ಎಂದರು ದೊಡ್ಡಪ್ಪ, ಕೋಟು ಬಿಚ್ಚುತ್ತ.

ಅವತ್ತಿನಿಂದ ನಮ್ಮ ಮನೆಯಲ್ಲಿ ಇದು ಗಿರಿಜಾ ಕಲ್ಲು ಇಡಲು ಮರೆತ ಕಥೆ. ನೆಂಟರು ಬಂದಾಗಲೆಲ್ಲ ಅಣ್ಣಂದಿರು ಹೇಳಿ ನಗುತ್ತಾರೆ. ‘ಇವ್ಳು ಮರ್ತಿದ್ದಕ್ಕೆ ಒಂದು ಮದ್ವಿ ಆತು ನೋಡ್ರಿ, ನೆನಪಿಟ್ಟಿದ್ರೆ ಕೆಡ್ತಿತ್ತು.’ ನಾನೂ ನಕ್ಕಿದ್ದೇನೆ. ಆದರೆ ಓದಿದವಳಲ್ಲವೇ, ಸುಮ್ಮನೆ ಕೂರಲಾಗುವುದಿಲ್ಲ. ಮೊನ್ನೆ ಬಟ್ಟೆ ಒಣಹಾಕಿದ ಮೇಲೆ ಒಂದು ದಾರ ತಂದು ಆ ಹಳೆಯ ಟೈರಿನ ಸುತ್ತಳತೆ ತೆಗೆದೆ. ನಾಲ್ಕರಲ್ಲಿ ಒಂದು ಪಾಲು ನನ್ನ ಕೈಯಲ್ಲಿ ಒಂದು ಮೊಳ, ಮೇಲೆ ನಾಲ್ಕು ಬೆರಳು. ತಾನಾಗಿ ಜಾರಿದ ಗಾಡಿ ಅಷ್ಟಕ್ಕೇ ಸರಿಯಾಗಿ ಯಾಕೆ ನಿಂತಿತು? ಜಾರಿದ ಗಾಡಿಗೆ ಯಾವ ಡ್ರೈವರಾದರೂ ಬ್ರೇಕು ಒತ್ತುತ್ತಾನೆ ಎನ್ನಬಹುದು. ಸೀಟಿನಲ್ಲಿ ಕೂತವರಿಗೆ ಎಡಗಾಲಿ ಕಾಣುವುದೇ ಇಲ್ಲ. ಅದನ್ನೂ ಕೂತು ನೋಡಿದೆ. ಆದರೆ ಅವರು ಇಳಿದು ಸುತ್ತಿ ಬಂದಿದ್ದರಲ್ಲ. ನಶ್ಯ ಏರಿಸಲು ಗಾಲಿಯ ಮುಂದೆಯೇ ಯಾಕೆ ನಿಲ್ಲಬೇಕಿತ್ತು?

ನನ್ನ ಲೆಕ್ಕಾಚಾರ ಹೀಗೆ ಸಾಗುತ್ತಿರುವಾಗ ದೊಡ್ಡಪ್ಪ ಹಿತ್ತಲಿಗೆ ಬಂದರು. ಈಗ ಅವರು ವ್ಯಾಪಾರ ಬಿಟ್ಟಿದ್ದಾರೆ, ಗಾಡಿ ಬಿಟ್ಟಿಲ್ಲ. ಪ್ರತಿ ಸೋಮವಾರ ಅದರ ಗಾಲಿಗಳನ್ನು ಒದ್ದೆ ಬಟ್ಟೆಯಿಂದ ತಾವೇ ಒರೆಸುತ್ತಾರೆ. ಒರೆಸಿ ಒಣ ವಿಭೂತಿ ಹಚ್ಚುತ್ತಾರೆ, ಉದುರುವಂಥದ್ದನ್ನೇ. ಅವತ್ತೂ ಬಕೆಟ್ಟು ಹಿಡಿದು ಬಂದು, ದಾರ ಹಿಡಿದ ನನ್ನನ್ನು ನೋಡಿದರು. ಗೋಡೆಗೆ ಒರಗಿದ ಟೈರು ಸ್ವಲ್ಪ ವಾಲಿತ್ತು, ನಾನು ಅಳೆಯುವಾಗ ತಿರುಗಿಸಿದ್ದೆ. ಗೆರೆಗಳು ಅಡ್ಡವಾಗಿದ್ದವು. ದೊಡ್ಡಪ್ಪ ಬಕೆಟ್ಟು ಇಟ್ಟು, ಟೈರನ್ನು ಎರಡೂ ಕೈಯಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿ, ಗೆರೆಗಳನ್ನು ನೆಟ್ಟಗೆ ನಿಲ್ಲಿಸಿದರು. ನಾನು ಮುಟ್ಟುವ ಮೊದಲು ಹೇಗಿದ್ದವೋ ಹಾಗೆ.

ಬೀಸುಕಲ್ಲಿನ ಹೋಳು ಗಾಡಿಯ ಗಾಲಿಗೆ ಒತ್ತಿಕೊಂಡು ಅಲ್ಲೇ ಇತ್ತು. ನಾನು ಹಲಗೆಯ ಮೇಲೆ ಕೂತು ಕೇಳಿದೆ. ಅವರು ಒದ್ದೆ ಬಟ್ಟೆ ಹಿಂಡಿದರು, ಹಿಂದಿನ ಗಾಲಿಯಿಂದ ಶುರುಮಾಡಿದರು. ಮಾತು ಕೇಳಿಸಿತೋ ಇಲ್ಲವೋ ತಿಳಿಯದಂತೆ ಒಮ್ಮೆ ಕೆಮ್ಮಿದರು. ನಾಲ್ಕು ಗಾಲಿ ಮುಗಿಸಿ ಬಕೆಟ್ಟಿನ ನೀರನ್ನು ಕರಿಬೇವಿನ ಬುಡಕ್ಕೆ ಚೆಲ್ಲಿ ಒಳಗೆ ಹೋದರು. ಮೂರು ದಿನವಾಯಿತು. ನಾಳೆ ನಾನು ಕಾಲೇಜಿಗೆ ವಾಪಸ್ಸು ಹೊರಡುತ್ತೇನೆ; ಸ್ಟೇಷನ್ನಿಗೆ ಬಿಡಲು ಗಾಡಿ ತೆಗೆಯುತ್ತೇನೆ ಎಂದಿದ್ದಾರೆ. ಕಲ್ಲು ನನ್ನ ಮಡಿಲಲ್ಲಿರುತ್ತದೆ. ದಾರಿಯಲ್ಲಿ ಇನ್ನೊಮ್ಮೆ ಕೇಳುತ್ತೇನೆ, ಕೇಳಿದ ಮಾತನ್ನೇ.

‘ದೊಡ್ಡಪ್ಪ, ಅವತ್ತು ನಾನು ಕಲ್ಲು ಇಡೋದು ಮರ್ತಿದ್ನೋ, ಇಟ್ಟ ಮ್ಯಾಲೆ ನೀವೇ ಮೆಲ್ಲಗೆ “ತಗೀ” ಅಂದಿದ್ರೋ?’